ಸಹಾಯ ಬೇಕು: ತೋಟದ ಮನೆಯಲ್ಲಿ ತಂತಿಯ ಮೂಲಕ ಹಲವು ಆಕ್ಸೆಸ್ ಪಾಯಿಂಟ್‌ಗಳ ಜೋಡಣೆ

ಆತ್ಮೀಯರೇ,

ಸಕಲೇಶಪುರದ ಬಳಿ ಕಾಫಿ ತೋಟದೊಳಗಿರುವ ನಮ್ಮ ಹಳೆಯ ತೊಟ್ಟಿಮನೆಯ ಗೋಡೆಗಳು ಬಹಳ ದಪ್ಪವಾಗಿರುವುದರಿಂದ, ಜಗಲಿಯ ಪಕ್ಕದ ಕೋಣೆಯಲ್ಲಿರುವ ರೂಟರ್‌ನ ವೈಫೈ ಸಿಗ್ನಲ್ ಅಡುಗೆಮನೆಯನ್ನು ದಾಟುವುದಿಲ್ಲ. ಕಣದ ಆಚೆಗಿನ ಉಗ್ರಾಣಕ್ಕಂತೂ ತಲುಪುವುದೇ ಇಲ್ಲ. ತಂತಿಯಿಲ್ಲದ ಮೆಶ್ ಸಾಧನಗಳೂ ಅದೇ ಗೋಡೆಗಳನ್ನು ಹಾಯ್ದು ಪರಸ್ಪರ ಸಂಪರ್ಕಿಸಬೇಕಾದ್ದರಿಂದ ಅವು ಇಲ್ಲಿಗೆ ಒಗ್ಗುವುದಿಲ್ಲವೆಂದು ನನ್ನ ಅಭಿಪ್ರಾಯ. ಆದ್ದರಿಂದ ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕಳುಹಿಸುವ ಒಂದು ಪಿಒಇ ಸ್ವಿಚ್‌ನಿಂದ ವೈಫೈ ಹರಡುವ ಮೂರು ಆಕ್ಸೆಸ್ ಪಾಯಿಂಟ್‌ಗಳಿಗೆ ಕ್ಯಾಟ್ 6 ಕೇಬಲ್ ಎಳೆದು, ಐಪಿ ವಿಳಾಸ ಹಂಚುವ ಕೆಲಸವನ್ನು ರೂಟರ್‌ಗೆ ಮಾತ್ರ ಬಿಟ್ಟು, ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು, 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡಬಾರದ 1, 6 ಮತ್ತು 11ನೇ ಚಾನೆಲ್‌ಗಳನ್ನು ಒಂದೊಂದಕ್ಕೆ ಹಂಚಲು ಯೋಚಿಸಿದ್ದೇನೆ.

ತೊಡಕಿರುವುದು ಉಗ್ರಾಣದ ವಿಷಯದಲ್ಲಿ. ಅದು ಸುಮಾರು 90 ಮೀಟರ್ ದೂರದಲ್ಲಿದ್ದು, ತಿರುವುಗಳನ್ನು ಸೇರಿಸಿದರೆ ಈಥರ್ನೆಟ್‌ನ 100 ಮೀಟರ್ ಮಿತಿಗೆ ತೀರ ಹತ್ತಿರವಾಗುತ್ತದೆ. ಮೇಲಾಗಿ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಆಘಾತವು ತಾಮ್ರದ ತಂತಿಯ ಮೂಲಕ ಮನೆಯೊಳಗಿನ ಸ್ವಿಚ್‌ವರೆಗೂ ಹರಿದು ಬರಬಹುದೆಂಬ ಆತಂಕ ನನ್ನನ್ನು ಬಿಟ್ಟಿಲ್ಲ. ತಾಮ್ರದ ಬದಲು ಬಳಸಬಹುದಾದ, ಬೆಳಕಿನ ಮೂಲಕ ಡೇಟಾ ಸಾಗಿಸುವ, ಲೋಹದ ಕವಚವಿಲ್ಲದ ಫೈಬರ್ ವಿದ್ಯುತ್ತನ್ನು ಹರಿಸದು, ಆದರೆ ಅದನ್ನು ಹೂಳಿದರೆ ಹೆಗ್ಗಣಗಳ ಕಾಟ ತಪ್ಪದು. ಪಿವಿಸಿ ಪೈಪಿನೊಳಗೆ ಹಾಕಿದರೆ ಸಾಕೇ? ಫೈಬರ್‌ನ ಬೆಳಕಿನ ಸಂಕೇತವನ್ನು ತಂತಿಯ ಸಂಕೇತವಾಗಿಸುವ ಉಗ್ರಾಣದ ಮೀಡಿಯಾ ಕನ್ವರ್ಟರ್‌ಗೆ ಕರೆಂಟ್ ಹೋದಾಗ ಚಿಕ್ಕ ಯುಪಿಎಸ್ ಸಾಲುವುದೇ?

ಇನ್ನೊಂದು ಪ್ರಶ್ನೆ: ಕೋಣೆಯಿಂದ ಕೋಣೆಗೆ ಹೋದರೂ ಫೋನ್ ಹಳೆಯ ಆಕ್ಸೆಸ್ ಪಾಯಿಂಟ್‌ಗೇ ಅಂಟಿಕೊಳ್ಳದಂತೆ ಪ್ರಸರಣ ಶಕ್ತಿಯನ್ನು ತಗ್ಗಿಸುವುದು ಉತ್ತಮವೋ, ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ಬೇಗ ಬದಲಾಗಲು ನೆರವಾಗುವ 802.11ಆರ್ ಸೌಲಭ್ಯವನ್ನು ಬಳಸುವುದು ಉತ್ತಮವೋ? ಮನೆಯಲ್ಲಿ ಅದಕ್ಕೆ ಹೊಂದದಿರಬಹುದಾದ ಹಳೆಯ ಫೋನ್‌ಗಳೂ ಇವೆ. ಹಾಸನದಲ್ಲಿ ಫೈಬರ್ ಜೋಡಿಸುವ ಅನುಭವಿಗಳನ್ನು ಬಲ್ಲವರು ದಯವಿಟ್ಟು ತಿಳಿಸಿ. ಮುಂಗಾರು ಹಿಡಿಯುವ ಮುನ್ನ ಅಗೆತದ ಕೆಲಸ ಮುಗಿಯಬೇಕಿದೆ.