ದೋಣಿ ಎಳೆಯೋಕೆ ಚಿಕ್ಕ ಫೋರ್ ಬೈ ಫೋರ್: ಜಿಮ್ನಿ ಸಾಕಾ, ಥಾರ್ ಬೇಕಾ?

ಪ್ರಶ್ನೆ (ತಾಳಗುಪ್ಪ ಕಡೆಯಿಂದ)

ನಮಸ್ಕಾರ ಸರ್. ನಮ್ಮ ಊರು ತಾಳಗುಪ್ಪದ ಹತ್ತಿರ. ಶರಾವತಿ ಹಿನ್ನೀರು ಮನೆಯಿಂದ ಕೆಲವೇ ಕಿಲೋಮೀಟರ್. ನಮ್ಮಲ್ಲಿ 12 ಅಡಿಯ ಫೈಬರ್ ದೋಣಿ ಇದೆ, 120 ಕೆ.ಜಿ. ತೂಕ. ಹಿಂದೆ ಹಾಕುವ 9.9 ಎಚ್‌ಪಿ ಮೋಟಾರ್ ಸುಮಾರು 40 ಕೆ.ಜಿ. ಇಷ್ಟು ದಿನ ಪಕ್ಕದ ಮನೆಯವರ ಟ್ರ್ಯಾಕ್ಟರ್ ಕೇಳಿ ಒಯ್ಯುತ್ತಿದ್ದೆವು. ಈಗ ಸ್ವಂತ ಚಿಕ್ಕ ಫೋರ್ ಬೈ ಫೋರ್ (ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಗಾಡಿ) ತಗೊಂಡು, ಒಂದು ಟ್ರೇಲರ್ ಮಾಡಿಸಿ, ವರ್ಷಕ್ಕೆ ನಾಲ್ಕೈದು ಸಲ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೂ ಹೋಗಬೇಕು ಅಂತ ಆಸೆ. ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಜಿಮ್ನಿ ನೋಡಿದ್ದೇನೆ, ಒಂದು ಮಹೀಂದ್ರಾ ಥಾರ್ ಕೂಡ ನೋಡಿದ್ದೇನೆ. ಒಟ್ಟು 160 ಕೆ.ಜಿ. ಎಳೆಯೋಕೆ ಜಿಮ್ನಿ ಎಂಜಿನ್ ಸಾಕಾಗುತ್ತಾ?

ಉತ್ತರ (ಮೆಕ್ಯಾನಿಕ್, ಕುಂದಾಪುರ)

ನಮಸ್ಕಾರ. 26 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ನಾನು ನೋಡಿರುವ ಗಾಡಿಗಳಲ್ಲಿ ಜೀಪು, ಜಿಪ್ಸಿ, ಥಾರ್ ಜಾಸ್ತಿ. ಮೀನುಗಾರರ ದೋಣಿ ಟ್ರೇಲರುಗಳನ್ನೂ ರಿಪೇರಿ ಮಾಡಿದ್ದೇನೆ.

ಮೊದಲು ಆ 160 ಅನ್ನುವ ಲೆಕ್ಕ ಸರಿ ಮಾಡೋಣ. 25 ಲೀಟರ್ ಪೆಟ್ರೋಲ್ ಡಬ್ಬಿ ಸಮೇತ 22 ಕೆ.ಜಿ. ಬರುತ್ತದೆ. ಲಂಗರು, ಹಗ್ಗ, ಹುಟ್ಟು, ಲೈಫ್ ಜಾಕೆಟ್, ಬ್ಯಾಟರಿ, ಐಸ್ ಪೆಟ್ಟಿಗೆ ಎಲ್ಲ ಸೇರಿ 38 ಅಂತ ಇಟ್ಟುಕೊಳ್ಳಿ. ಅಲ್ಲಿಗೆ 220 ಆಯಿತು. ಟ್ರೇಲರ್ ಮರೆತಿರಿ ಅಲ್ವಾ? ನಮ್ಮ ಕಡೆ ಕಬ್ಬಿಣದ ಚೌಕಟ್ಟಿನಲ್ಲಿ ಮಾಡುವ ಚಿಕ್ಕ ಟ್ರೇಲರ್ 150ಕ್ಕಿಂತ ಕಮ್ಮಿ ಬರುವುದು ಕಷ್ಟ. ಒಟ್ಟು 370 ಕೆ.ಜಿ.

ಎಂಜಿನ್ ಬಗ್ಗೆ ಚಿಂತೆ ಬೇಡ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಸುಮಾರು 105 ಕುದುರೆ ಶಕ್ತಿ, 134 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಇದೆ. 370 ಕೆ.ಜಿ.ಯನ್ನು ಅದು ಖಂಡಿತ ಎಳೆಯುತ್ತದೆ. ನನ್ನ ಚಿಂತೆ ನಿಲ್ಲಿಸುವುದರ ಬಗ್ಗೆ. ಜಿಮ್ನಿಯ ತೂಕ ಸುಮಾರು 1,200 ಕೆ.ಜಿ. ಅದರ ಬೆನ್ನಿಗೆ ಬ್ರೇಕೇ ಇಲ್ಲದ 370 ಕೆ.ಜಿ. ಅಂಟಿಕೊಂಡಿದೆ ಅಂದುಕೊಳ್ಳಿ. ಘಾಟಿಯ ತಿರುವಿನಲ್ಲಿ, ಅದೂ ಮಳೆ ಬಿದ್ದ ರಸ್ತೆಯಲ್ಲಿ, ನೀವು ಬ್ರೇಕ್ ಒತ್ತಿದಾಗ ಟ್ರೇಲರ್ ನಿಲ್ಲುವುದಿಲ್ಲ. ಕಾರಿನ ಹಿಂಭಾಗವನ್ನು ಪಕ್ಕಕ್ಕೆ ನೂಕುತ್ತದೆ. ನನ್ನ ಗಿರಾಕಿಯೊಬ್ಬರಿಗೆ ಹೀಗೇ ಆಯಿತು. ಗಾಡಿ ಅಡ್ಡ ತಿರುಗಿ ಚರಂಡಿಗೆ ಹೋಯಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಆ ಟ್ರೇಲರಿನ ಹಿಚ್ (ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಬಿಚ್ಚಿದ ದಿನದಿಂದ ಯಾರೇ ಕೇಳಿದರೂ ಬ್ರೇಕಿನ ವಿಷಯವನ್ನೇ ಮೊದಲು ಹೇಳುತ್ತೇನೆ.

ಥಾರ್‌ನ ತೂಕ ಒಂದೂವರೆ ಟನ್‌ಗಿಂತ ಜಾಸ್ತಿ. 2.2 ಡೀಸೆಲ್‌ಗೆ 1,600 ಆರ್‌ಪಿಎಂನಲ್ಲೇ 300 ಎನ್‌ಎಂ ಟಾರ್ಕ್ ಸಿಗುತ್ತದೆ. ಕ್ಲಚ್ ಸುಡದೆ ಒದ್ದೆ ದಡದಿಂದ ಮೆಲ್ಲಗೆ ಮೇಲೆ ಬರಬಹುದು. ನಿಮ್ಮ ದೋಣಿಗೆ, ನಿಮ್ಮ ಘಾಟಿಗೆ ನನ್ನ ಓಟು ಡೀಸೆಲ್ ಥಾರ್, ಗಟ್ಟಿ ಛಾವಣಿಯದು. ಒಂದು ಎಚ್ಚರಿಕೆ. 2023ರಿಂದ ಹಿಂದಿನ ಗಾಲಿ ಮಾತ್ರ ಓಡುವ 1.5 ಡೀಸೆಲ್ ಥಾರ್ ಕೂಡ ಮಾರುಕಟ್ಟೆಯಲ್ಲಿದೆ. ಹೊರಗಿಂದ ನೋಡೋಕೆ ಒಂದೇ ಥರ. ಒಳಗೆ ಕೂತು ಗೇರಿನ ಪಕ್ಕ ಫೋರ್ ಬೈ ಫೋರ್ ಲಿವರ್ ಇದೆಯಾ ನೋಡಿ, ಆಮೇಲೆ ದುಡ್ಡಿನ ಮಾತು.

ಜಿಮ್ನಿಯನ್ನು ನಾನು ತಳ್ಳಿಹಾಕುತ್ತಿಲ್ಲ. ಲ್ಯಾಡರ್ ಚಾಸಿ (ಏಣಿಯ ಹಾಗಿರುವ ಗಟ್ಟಿ ಉಕ್ಕಿನ ಚೌಕಟ್ಟು) ಇದೆ, ಲೋ ರೇಂಜ್ (ನಿಧಾನವಾಗಿ, ಜಾಸ್ತಿ ಬಲದಿಂದ ಎಳೆಯುವ ಗೇರು) ಇದೆ, ಹಗುರ ಇರುವುದರಿಂದ ಕೆಸರಿನಲ್ಲಿ ಹೂತುಕೊಳ್ಳುವುದು ಕಮ್ಮಿ. ದೋಣಿ ಇನ್ನೂ ಹಗುರ ಆಗಿದ್ದರೆ, ಅಥವಾ ಟ್ರೇಲರಿಗೆ ಓವರ್‌ರನ್ ಬ್ರೇಕ್ ಹಾಕಿಸಿದರೆ, ಅದು ಒಳ್ಳೆಯ ಆಯ್ಕೆ. ಕಾರು ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ ಅಲ್ವಾ, ಆ ನೂಕನ್ನೇ ಬಳಸಿ ಟ್ರೇಲರಿನ ಗಾಲಿಗೆ ತಾನಾಗಿಯೇ ಬ್ರೇಕ್ ಹಿಡಿಯುವ ವ್ಯವಸ್ಥೆ ಅದು.

ಪ್ರತಿಕ್ರಿಯೆ (ಪರ್ತ್, ಆಸ್ಟ್ರೇಲಿಯಾ)

ಸರ್ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನನ್ನ ಹತ್ತಿರ ಮೂರು ಬಾಗಿಲಿನ ಜಿಮ್ನಿ ಇದೆ. ಇಲ್ಲಿ ಅದಕ್ಕೆ ಕಂಪನಿ ಕೊಟ್ಟಿರುವ ಮಿತಿ ಹೀಗಿದೆ: ಬ್ರೇಕ್ ಇರುವ ಟ್ರೇಲರ್ ಆದರೆ 1,300 ಕೆ.ಜಿ., ಬ್ರೇಕ್ ಇಲ್ಲದಿದ್ದರೆ 350 ಕೆ.ಜಿ. ಮಾತ್ರ. ಇಲ್ಲಿನ ನಿಯಮ ಚಿಕ್ಕ ಟ್ರೇಲರಿಗೆ 750 ಕೆ.ಜಿ. ತನಕ ಬ್ರೇಕ್ ಕಡ್ಡಾಯ ಮಾಡಿಲ್ಲ. ನಾನು ಅದನ್ನೊಂದೇ ಓದಿ ನನ್ನ ಜೆಟ್ ಸ್ಕೀ ಧಾರಾಳವಾಗಿ ಎಳೆಯಬಹುದು ಅಂದುಕೊಂಡಿದ್ದೆ. ಜೆಟ್ ಸ್ಕೀ 200, ಟ್ರೇಲರ್ 150. ಪೆಟ್ರೋಲ್ ಹಾಕುವ ಮೊದಲೇ 350 ಮುಟ್ಟಿತು! ಕೊನೆಗೆ ಬ್ರೇಕ್ ಇರುವ ಟ್ರೇಲರನ್ನೇ ತಗೊಂಡೆ.

ಉತ್ತರ

ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಲ್ಲರೂ ಓದಬೇಕಾದ ಮಾತು. ದೊಡ್ಡ ಅಂಕಿ ನೋಡಿ ಗಾಡಿ ತಗೊಳ್ಳುತ್ತಾರೆ, ಚಿಕ್ಕ ಅಂಕಿ ನೋಡುವುದೇ ಇಲ್ಲ. ನಮ್ಮ ತಾಳಗುಪ್ಪದವರ 370 ಆ ಚಿಕ್ಕ ಗೆರೆಯನ್ನು ದಾಟಿಬಿಟ್ಟಿದೆ, ನೋಡಿ. ನಮ್ಮಲ್ಲಿ ಗಾಡಿ ತಗೊಳ್ಳುವವರು ಯಾವ ಕಂಪನಿಯದ್ದೇ ಆಗಲಿ, ಟ್ರೇಲರ್ ಎಳೆಯುವ ಮಿತಿ ಎಷ್ಟು ಅಂತ ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡಿ. ಕಾಣದಿದ್ದರೆ ಬರಹದಲ್ಲಿ ಕೇಳಿ. ಸೇಲ್ಸ್ ಹುಡುಗರ ಬಾಯಿಮಾತು ಸಾಲದು.

ಪ್ರಶ್ನೆ (ಶಿವಮೊಗ್ಗ)

ನನಗೆ ಒಂದು ಹಳೆಯ ಜಿಪ್ಸಿ ಒಳ್ಳೆಯ ರೇಟಿಗೆ ಸಿಗುತ್ತಿದೆ. ಇಂಥದ್ದೇ ದೋಣಿಗೆ ಆಗುತ್ತಾ?

ಉತ್ತರ

ನನಗೆ ಜಿಪ್ಸಿ ಅಂದರೆ ಪ್ರಾಣ. ಕೆಲಸ ಕಲಿತಿದ್ದೇ ಅದರ ಮೇಲೆ. ಆದರೂ ಬೇಡ ಅನ್ನುತ್ತೇನೆ. ತೂಕ 985 ಕೆ.ಜಿ., ಶಕ್ತಿ 80 ಕುದುರೆ. ಕಾಡಿನ ದಾರಿಗೆ ಆ ಹಗುರವೇ ಅದರ ಬಲ. ಟ್ರೇಲರ್ ಕಟ್ಟಿದರೆ ಅದೇ ಅದರ ತೊಂದರೆ. ಕಯಾಕ್, ರಬ್ಬರ್ ದೋಣಿ ಹಾಕಿಕೊಂಡು ಹೋಗೋಕೆ ಆರಾಮಾಗಿ ತಗೊಳ್ಳಿ. ತಗೊಳ್ಳುವ ಮುಂಚೆ ಚಾಸಿಗೆ ಎಲ್ಲೆಲ್ಲಿ ತುಕ್ಕು ಹಿಡಿದಿದೆ ಅಂತ ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿ ನೋಡಿ.

ಪ್ರಶ್ನೆ (ಮೂಲ್ಕಿ)

ನನ್ನದು ಎರಡು ಕಯಾಕ್ ಅಷ್ಟೇ. ಟ್ರೇಲರ್ ಬೇಕಾ?

ಉತ್ತರ

ಬೇಡ. ಕಯಾಕ್ ಒಂದಕ್ಕೆ 20ರಿಂದ 30 ಕೆ.ಜಿ. ಛಾವಣಿ ಎಷ್ಟು ತಡೆಯುತ್ತದೆ ಅಂತ ಮ್ಯಾನ್ಯುಯಲ್ ನೋಡಿ. ಅದರೊಳಗಿದ್ದರೆ ಒಳ್ಳೆಯ ಕ್ಯಾರಿಯರ್ ಸಾಕು. ಪಟ್ಟಿ ಬಿಗಿದ ಮೇಲೆ ಕಯಾಕಿನ ಮೂತಿಯನ್ನೂ ಬಾಲವನ್ನೂ ಬೇರೆ ಹಗ್ಗದಿಂದ ಬಂಪರಿನ ಕೆಳಗಿನ ಕೊಂಡಿಗೆ ಕಟ್ಟಿ. ಹೈವೇ ಗಾಳಿಗೆ ಮುಂಭಾಗ ಎದ್ದುಬಿಡುತ್ತದೆ. ಶಾಂಭವಿ ನದಿಯ ದಡಕ್ಕೆ ಹೋಗೋಕೆ ಫೋರ್ ಬೈ ಫೋರ್ ಸಹ ಬೇಕಿಲ್ಲ, ಇರುವ ಕಾರೇ ಸಾಕು.

ಮತ್ತೆ ತಾಳಗುಪ್ಪದಿಂದ

ಸರ್, ಥಾರ್ ಮೇಲೆ ಮನಸ್ಸು ಬಂದಿದೆ. 650 ಮಿ.ಮೀ. ನೀರಿನಲ್ಲಿ ಹೋಗುತ್ತದೆ ಅಂತಾರೆ. ಹಾಗಾದರೆ ದೋಣಿ ತೇಲುವ ತನಕ ಗಾಡಿಯನ್ನೇ ಹಿಂದಕ್ಕೆ ಇಳಿಸಬಹುದಾ? ಹಿಚ್ ಅನ್ನು ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಬಂಪರಿಗೆ ಹಾಕಿಸಿದರೆ ಆಗುತ್ತಾ?

ಉತ್ತರ

ಎರಡೂ ಮಾಡಬೇಡಿ, ದಯವಿಟ್ಟು.

ಹಿಚ್ ಬಂಪರಿಗಲ್ಲ, ಚಾಸಿಗೆ ಬೋಲ್ಟ್ ಆಗಬೇಕು. ಹಿಂದೆ ಮೊದಲೇ ಇರುವ ಕೊಕ್ಕೆ ಸಿಕ್ಕಿಬಿದ್ದ ಗಾಡಿ ಎಳೆಯೋಕೆ ಇರುವುದು, ಟ್ರೇಲರಿಗಲ್ಲ. ಹಿಚ್ ಕೆಳಗೆ ಎರಡು ಸರಪಳಿಗಳನ್ನು ಕತ್ತರಿ ಆಕಾರದಲ್ಲಿ ಹಾಕಿ. ಹಿಚ್ ಕಳಚಿದರೂ ಟ್ರೇಲರಿನ ಮೂತಿ ಆ ಸರಪಳಿಗಳ ಮೇಲೆ ಕೂರುತ್ತದೆ, ರಸ್ತೆಗೆ ನಾಟುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರೂ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ಮಾಡಿಸುವ ಮುಂಚೆಯೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಹಿಚ್ ಹಾಕಿಸಿದ್ದನ್ನು ಇನ್ಶೂರೆನ್ಸಿನವರಿಗೂ ತಿಳಿಸಿ. ಹಿನ್ನೀರಿನ ಒಂದಷ್ಟು ದಡ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ. ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಮೋಟಾರ್ ದೋಣಿ ಇಳಿಸಬೇಡಿ.

ಈಗ ನೀರಿನ ವಿಷಯ. 650 ಮಿ.ಮೀ. ಅನ್ನುವುದು ಗಟ್ಟಿ ನೆಲದ ಮೇಲೆ ಮೆಲ್ಲಗೆ ದಾಟಿಹೋಗುವ ಲೆಕ್ಕ. ಇಳಿಜಾರಿನಲ್ಲಿ ಹಿಂದಕ್ಕೆ ಹೋಗಿ ನಿಂತರೆ ಹಿಂದಿನ ಆಕ್ಸಲ್ (ಎರಡು ಗಾಲಿಗಳ ನಡುವಿನ ದಂಡ) ನೀರಿನಲ್ಲಿ ಮುಳುಗಿ ಕೂರುತ್ತದೆ. ಘಾಟಿ ಇಳಿದು ಬಂದ ಆಕ್ಸಲ್ ಬಿಸಿ ಇರುತ್ತದೆ. ತಣ್ಣೀರು ತಾಗಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ತಿಂಗಳು ಬಿಟ್ಟು ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳು) ಆಯಿಲ್ ತೆಗೆದರೆ ಹಾಲು ಹಾಕಿದ ಚಹಾದ ಬಣ್ಣ! ಟ್ರೇಲರಿನ ಗಾಲಿ ಬೇರಿಂಗಿಗೂ ಇದೇ ಗತಿ. ದಡಕ್ಕೆ ಬಂದ ಮೇಲೆ ಅರ್ಧ ಗಂಟೆ ಸುಮ್ನೆ ಬಿಡಿ. ಬೇರಿಂಗಿನ ಹಬ್ ಕೈಗೆ ತಣ್ಣಗೆ ತಾಗಬೇಕು, ಆಮೇಲೆ ಇಳಿಸಿ. ಟ್ರೇಲರ್ ಲೈಟಿನ ಪ್ಲಗ್ ಕೂಡ ಮೊದಲೇ ಕಿತ್ತಿಡಿ.

ನಿಮ್ಮ ಕಡೆ ಬೇಸಿಗೆಯಲ್ಲಿ ಹಿನ್ನೀರು ತುಂಬಾ ಹಿಂದೆ ಸರಿಯುತ್ತದೆ. ಮೇಲೆ ಒಣಗಿದ ಹಾಗೆ ಕಾಣುವ ಮಣ್ಣಿನ ಕೆಳಗೆ ಮೊಣಕಾಲುದ್ದ ಕೆಸರು ಇರುತ್ತದೆ. ಮೊದಲು ಇಳಿದು, ಕೋಲು ಊರುತ್ತಾ ನಡೆದು ನೋಡಿ. ಮೆತ್ತಗಿದ್ದರೆ ಗಾಡಿಯನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ. ಗಾಲಿಗೆ ಕಲ್ಲು ಕೊಟ್ಟು, ಟ್ರೇಲರ್ ಕಳಚಿ, 20 ಮೀಟರ್ ಗಟ್ಟಿ ಹಗ್ಗ ಕಟ್ಟಿ ಇಬ್ಬರು ಮೆಲ್ಲಗೆ ಬಿಡಿ. ವಾಪಸ್ ಬರುವಾಗ ಅದೇ ಹಗ್ಗವನ್ನು ಲೋ ರೇಂಜಿನಲ್ಲಿ ಗಾಡಿಯಿಂದ ಎಳೆಯಿರಿ, ಹಗ್ಗದ ಹತ್ತಿರ ಯಾರೂ ನಿಲ್ಲಬಾರದು. ಡಾಂಬರು ರಸ್ತೆ ಮುಟ್ಟುವ ಮುಂಚೆ ಲಿವರನ್ನು ಟು ವೀಲಿಗೆ ಹಾಕಿ. ಒಣ ರಸ್ತೆಯಲ್ಲಿ ಫೋರ್ ವೀಲಿನಲ್ಲಿ ತಿರುಗಿಸಿದರೆ ಗೇರುಪೆಟ್ಟಿಗೆ ನರಳುತ್ತದೆ.

ಹೊನ್ನಾವರದಲ್ಲಿ ಉಪ್ಪುನೀರು. ಮನೆಗೆ ಬಂದ ದಿನವೇ ಟ್ರೇಲರನ್ನೂ ಗಾಡಿಯ ಹೊಟ್ಟೆಯನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ನಾಳೆ ತೊಳೆಯೋಣ ಅಂದರೆ ಬ್ರೇಕ್ ಡ್ರಮ್ ಹಿಡಿದುಕೊಳ್ಳುತ್ತದೆ. ಚೌಕಟ್ಟಿಗೆ ಪೇಂಟ್ ಬದಲು ಗ್ಯಾಲ್ವನೈಸಿಂಗ್ ಮಾಡಿಸಿದರೆ ಖರ್ಚು ಜಾಸ್ತಿ, ಆದರೆ ಕರಾವಳಿಗೆ ಅದೇ ಸರಿ.

ತಾಳಗುಪ್ಪದಿಂದ, ಹತ್ತು ದಿನದ ನಂತರ

ಸರ್, ಡೀಸೆಲ್ ಥಾರ್‌ಗೆ ಅಡ್ವಾನ್ಸ್ ಕೊಟ್ಟೆ. ಲಿವರ್ ನೋಡಿಯೇ ಕೊಟ್ಟಿದ್ದು. ದೋಣಿ, ಮೋಟಾರ್, ಸಾಮಾನು ಎಲ್ಲ ಇಟ್ಟು, ಪರಿಚಯದವರ ಟ್ರೇಲರಿನಲ್ಲಿ ಸಾಗರದ ತೂಕದ ಕಟ್ಟೆಗೆ ಒಯ್ದಿದ್ದೆ. 410 ಕೆ.ಜಿ. ತೋರಿಸಿತು. ನನಗೇ ನಂಬೋಕಾಗಲಿಲ್ಲ. ಓವರ್‌ರನ್ ಬ್ರೇಕ್ ಹಾಕಿಸುತ್ತೇನೆ. ಇನ್ನೊಂದು ಸಂಶಯ. ಅದನ್ನು ಎಳೆದುಕೊಂಡು ಬರುವಾಗ 50ರ ವೇಗ ದಾಟಿದರೆ ಟ್ರೇಲರ್ ಹಾವಿನ ಹಾಗೆ ಆಡುತ್ತಿತ್ತು. ಯಾಕೆ?

ಉತ್ತರ

ಮೋಟಾರ್ ದೋಣಿಯ ಹಿಂದೆಯೇ ತೂಗುತ್ತಿತ್ತು ಅಲ್ವಾ? ಭಾರವೆಲ್ಲ ಆಕ್ಸಲ್‌ನ ಹಿಂದಕ್ಕೆ ಹೋಗಿದೆ, ಮೂತಿ ಹಗುರ ಆಗಿದೆ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಹಿಚ್ ಮೇಲೆ ಕೂರಬೇಕು. ನಿಮ್ಮ 410ಕ್ಕೆ ಸುಮಾರು 40 ಕೆ.ಜಿ. ಮನೆಯ ತೂಕದ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಟ್ರೇಲರಿನ ಮೂತಿ ಇಡಿ, ಗೊತ್ತಾಗುತ್ತದೆ. ಕಮ್ಮಿ ಬಂದರೆ ಮೋಟಾರ್ ಬಿಚ್ಚಿ ಗಾಡಿಯೊಳಗೆ ಹಾಕಿ, ಪೆಟ್ರೋಲ್ ಡಬ್ಬಿ ಲಂಗರುಗಳನ್ನು ದೋಣಿಯ ಮುಂದಕ್ಕೆ ತನ್ನಿ. ಮತ್ತೆ ತೂಗಿ.

ದಾರಿಯಲ್ಲಿ ಆಡೋಕೆ ಶುರುವಾದರೆ ಬ್ರೇಕ್ ಮೇಲೆ ನಿಲ್ಲಬೇಡಿ, ಸ್ಟೇರಿಂಗ್ ಅತ್ತಿತ್ತ ತಿರುಗಿಸಬೇಡಿ. ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ತಾನಾಗಿಯೇ ತಣ್ಣಗಾಗುತ್ತದೆ. ಮೊದಲ ಸಲ ಗೇರುಸೊಪ್ಪೆಗೆ ಹೋಗುವ ಮುಂಚೆ ಖಾಲಿ ಮೈದಾನದಲ್ಲಿ ಒಂದು ಭಾನುವಾರ ಪೂರ್ತಿ ರಿವರ್ಸ್ ಅಭ್ಯಾಸ ಮಾಡಿ. ಥಾರ್ ಗಿಡ್ಡ ಗಾಡಿ, ಹಿಂದಕ್ಕೆ ಹೋಗುವಾಗ ಟ್ರೇಲರ್ ಬೇಗ ಮಡಚಿಕೊಳ್ಳುತ್ತದೆ. ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ, ಅದೂ ಸ್ವಲ್ಪ ಸ್ವಲ್ಪ. ಹಿಚ್ ಹಾಕಿಸಿದ ಮೇಲೆ ಬೋಲ್ಟುಗಳ ಫೋಟೋ ಹಾಕಿ, ನೋಡಿ ಹೇಳುತ್ತೇನೆ.