ಮಾಳಿಗೆ ಖೋಲಿಯಲ್ಲಿ ಬರೆಯಲು ಕೂರಲಾಗುತ್ತಿಲ್ಲ: ಸೆಕೆ, ಕೂಲರ್, ಹರಡುವ ಮಸಿ

ನೀಲಿಮಸಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನಗೆ ಕತೆ ಬರೆಯುವ ಹುಚ್ಚು. ಮನೆಯಲ್ಲಿ ನನ್ನದೇ ಅಂತ ಒಂದು ಜಾಗ ಬೇಕೆಂದು ಮಾಳಿಗೆ ಮೇಲಿನ ಖೋಲಿ ಖಾಲಿ ಮಾಡಿಸಿಕೊಂಡೆ. ಮೇಲೆ ಆರ್‌ಸಿಸಿ ಸ್ಲ್ಯಾಬ್, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಟೇಬಲ್ ಕಿಟಕಿ ಕಡೆ ಮುಖ ಮಾಡಿದೆ. ಚಳಿಗಾಲದಲ್ಲಿ ಅಲ್ಲಿ ಕೂತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ.

ಈಗ ಏಪ್ರಿಲ್. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಮೇಲೆ ಹೋದರೆ ಖೋಲಿ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಕೂಲರ್ ಹಚ್ಚಿದರೆ ಹಾಳೆ ಮೆತ್ತಗಾಗಿ ಮಸಿ ಹರಡುತ್ತದೆ. ಬಂದ್ ಮಾಡಿದರೆ ಬೆವರಿದ ಕೈ ಹಾಳೆಗೆ ಅಂಟುತ್ತದೆ. ಎಸಿ ಹಾಕಿಸುವಷ್ಟು ದುಡ್ಡಿಲ್ಲ. ಕೆಳಗೆ ಪಡಸಾಲೆಯಲ್ಲಿ ಟಿವಿ, ಮಕ್ಕಳು. ಅರ್ಧ ಬರೆದ ಕತೆ ಹಾಗೇ ಬಿದ್ದಿದೆ. ಏನು ಮಾಡಲಿ?

ಭೀಮಾತೀರ (ಯಾದಗಿರಿ)

ಅಕ್ಕಾ, ಕೂಲರ್ ಎಲ್ಲಿಟ್ಟಿದ್ದೀರಿ? ಹಚ್ಚಿದಾಗ ಬಾಗಿಲು ತೆರೆದಿರುತ್ತದಾ?

ನೀಲಿಮಸಿ

ಟೇಬಲ್ ಪಕ್ಕದಲ್ಲೇ ಇದೆ. ತಂಪು ಹೊರಗೆ ಹೋಗಬಾರದು ಅಂತ ಬಾಗಿಲು, ಕಿಟಕಿ ಎಲ್ಲಾ ಮುಚ್ಚುತ್ತೇನೆ.

ಭೀಮಾತೀರ (ಯಾದಗಿರಿ)

ಹಾಗಾದರೆ ಮಸಿ ಹರಡುವುದಕ್ಕೆ ಕಾರಣ ಸಿಕ್ಕಿತು. ಕೂಲರ್ ಕೆಲಸ ಎಸಿ ಥರ ಅಲ್ಲ. ಒದ್ದೆ ಹುಲ್ಲಿನ ಮೂಲಕ ಒಣ ಗಾಳಿ ಹಾದಾಗ ನೀರು ಆವಿಯಾಗುತ್ತದೆ, ಅದರಿಂದ ಗಾಳಿ ತಂಪಾಗುತ್ತದೆ. ಹೊರಗಿನಿಂದ ಒಣ ಗಾಳಿ ಬರುತ್ತಲೇ ಇರಬೇಕು, ತೇವದ ಗಾಳಿ ಇನ್ನೊಂದು ಕಡೆಯಿಂದ ಹೋಗುತ್ತಲೇ ಇರಬೇಕು. ಎಲ್ಲಾ ಮುಚ್ಚಿದರೆ ಅದೇ ತೇವದ ಗಾಳಿ ಸುತ್ತುತ್ತದೆ. ಸ್ವಲ್ಪ ಹೊತ್ತಿಗೆ ತಂಪೂ ಹೋಯಿತು, ಹಾಳೆಯೂ ಕೆಟ್ಟಿತು. ಕಾಗದ ಗಾಳಿಯ ತೇವ ಹೀರುತ್ತದೆ, ಒದ್ದೆ ನಾರಿನಲ್ಲಿ ಮಸಿ ನಿಲ್ಲುವುದಿಲ್ಲ.

ಕೂಲರ್‌ನ ಬೆನ್ನು ಕಿಟಕಿಯ ಹೊರಗೆ ಬರುವ ಹಾಗೆ ಇಡಿ. ಎದುರಿನ ಬಾಗಿಲು ತೆರೆಯಿರಿ. ಗಾಳಿ ಬೆನ್ನಿಗೆ ಇಲ್ಲವೇ ಕಾಲಿಗೆ ತಾಗಲಿ, ಟೇಬಲ್ ಮೇಲೆ ಹಾಯಬಾರದು. ಖೋಲಿ ತಂಪಾದ ಮೇಲೆ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಬಿಡಿ. ಹಾಳೆಗಳನ್ನು ತಗಡಿನ ಡಬ್ಬಿಯಲ್ಲಿಟ್ಟು, ಬರೆಯಲು ಬೇಕಾದಷ್ಟೇ ಹೊರಗೆ ತೆಗೆಯಿರಿ. ಮಳೆಗಾಲದಲ್ಲಿ ಮಾತ್ರ ಕೂಲರ್ ನಂಬಬೇಡಿ. ಹೊರಗಿನ ಗಾಳಿಯೇ ಒದ್ದೆ ಇರುತ್ತದಲ್ವಾ.

ಫರ್ಸಿಮನೆ (ಶಹಾಬಾದ್)

ಕೂಲರ್ ಸರಿಹೋದರೂ ಆ ಖೋಲಿ ಪೂರ್ತಿ ಸರಿಹೋಗುವುದಿಲ್ಲ ಅಕ್ಕಾ. ಶಾಖ ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಕೈಯಿಂದಲೇ ನೋಡಬಹುದು. ರಾತ್ರಿ ಒಂಬತ್ತಕ್ಕೆ ಪಶ್ಚಿಮದ ಗೋಡೆ ಮೇಲೆ ಅಂಗೈ ಇಡಿ. ಆಮೇಲೆ ಪೂರ್ವದ ಗೋಡೆ ಮೇಲೆ ಇಡಿ. ಪಶ್ಚಿಮದ್ದು ಜ್ವರ ಬಂದ ಮೈ ಮುಟ್ಟಿದಷ್ಟು ಬಿಸಿ ಇರುತ್ತದೆ. ಮಧ್ಯಾಹ್ನದಿಂದ ಕುಡಿದ ಬಿಸಿಲನ್ನು ಅದು ಆ ಹೊತ್ತಿಗೆ ಒಳಗೆ ಬಿಡುತ್ತಿರುತ್ತದೆ. ಸ್ಲ್ಯಾಬ್ ಕೂಡ ಅಷ್ಟೇ. ನೀವು ಬರೆಯಲು ಹೋಗುವ ಹೊತ್ತೂ ಅದೇ.

ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮಗೆ ನೆಟ್ಟಗೆ ನೆತ್ತಿ ಮೇಲೆ ಬರುತ್ತಾನೆ. ಅದಕ್ಕೇ ಮೊದಲ ಕೆಲಸ ಖೋಲಿ ಮೇಲಿನ ಸ್ಲ್ಯಾಬಿನದು. ಕಸ ಗುಡಿಸಿ, ಸುಣ್ಣ ನೆನೆಹಾಕಿ ಸೋಸಿ, ಸ್ವಲ್ಪ ಫೆವಿಕಾಲ್ ಕಲಸಿ, ಸಂಜೆ ಹೊತ್ತು ಎರಡು ಕೋಟ್ ಬಳಿಸಿ. ಬಿಳಿ ಮೇಲ್ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ. ಸುಟ್ಟ ಸುಣ್ಣದ ಹರಳು ತಂದರೆ ಹುಷಾರು. ನೀರು ಬಿದ್ದಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಹಾಗಾಗಿ ಪ್ರತಿ ವರ್ಷ ಬಿಸಿಲು ಏರುವ ಮೊದಲೇ ಬಳಿಸಬೇಕು.

ಎರಡನೆಯದು, ಕಿಟಕಿಗೆ ಬಿದಿರಿನ ಚಿಕ್ಕು, ಅಂದರೆ ಬಿದಿರ ಕಡ್ಡಿಯ ಪರದೆ. ಹೊರಗಡೆ ಕಟ್ಟಬೇಕು. ಒಳಗೆ ಪರದೆ ಹಾಕಿದರೆ ಬಿಸಿಲು ಗಾಜು ದಾಟಿ ಬಂದೇಬಿಟ್ಟಿರುತ್ತದೆ.

ಇಷ್ಟು ಮಾಡಿದರೆ ಮೇಲಿನ ಖೋಲಿ ಸಹಿಸುವಂತೆ ಆಗುತ್ತದೆ. ಆದರೂ ಏಪ್ರಿಲ್, ಮೇ ಎರಡು ತಿಂಗಳು ಕೆಳಗೆ ಬನ್ನಿ ಅಂತಲೇ ಹೇಳುತ್ತೇನೆ. ಕೆಳಗೆ ನೆಲ ಫರ್ಸಿ ಕಲ್ಲಿನದಾ?

ನೀಲಿಮಸಿ

ಹೌದು, ಶಹಾಬಾದ್ ಫರ್ಸಿ. ಅತ್ತೆ ಮಧ್ಯಾಹ್ನ ಚಾಪೆಯೂ ಇಲ್ಲದೆ ಅದರ ಮೇಲೇ ಮಲಗುತ್ತಾರೆ. ಆದರೆ ಕೆಳಗೆ ಖಾಲಿ ಖೋಲಿ ಇಲ್ಲ. ಮೆಟ್ಟಿಲ ಕೆಳಗೆ ಒಂದು ಮೂಲೆ ಇದೆ. ಪೂರ್ವಕ್ಕೆ ಸಣ್ಣ ಕಿಟಕಿ. ಈಗ ತೊಗರಿ ಚೀಲ ಇಟ್ಟಿದ್ದೇವೆ.

ಬೆಳಗಿನಬರಹ (ಬೀದರ್)

ಚೀಲ ಮೇಲಕ್ಕೆ ಕಳಿಸಿ, ನೀವು ಕೆಳಗೆ ಬನ್ನಿ ತಂಗಿ! ನಿಮ್ಮ ಬರವಣಿಗೆಯ ಜಾಗ ಅದೇ.

ನಮ್ಮ ಬೀದರ್ ಎತ್ತರದಲ್ಲಿದೆ, ಕಲಬುರಗಿಯಷ್ಟು ಸೆಕೆ ಇಲ್ಲ. ಆದರೂ ಬೇಸಿಗೆಯಲ್ಲಿ ನಾನು ನೆಲದ ಮೇಲೇ ಕೂತು ಬರೆಯುತ್ತೇನೆ. ಗಂಜ್‌ನ (ಧಾನ್ಯದ ಪೇಟೆಯ) ಹಳೆ ಅಡತ್ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಮುನೀಮರ ಮುಂದೆ ಇರುತ್ತಿತ್ತಲ್ಲ, ಇಳಿಜಾರು ಮುಚ್ಚಳದ ಗಿಡ್ಡ ಡೆಸ್ಕ್, ಅದು ಹುಡುಕಿ. ಗುಜರಿಯಲ್ಲಿ ಈಗಲೂ ಸಿಗುತ್ತದೆ. ನನ್ನದರ ಮುಚ್ಚಳದ ಕೆಳ ಅಂಚಿಗೆ ಒಂದು ಸಣ್ಣ ಪಟ್ಟಿ ಹೊಡೆದಿದ್ದಾರೆ, ಹಾಳೆ ಜಾರದಂತೆ. ಮೇಲುಗಡೆ ಲೇಖನಿ ಇಡಲು ಒಂದು ಗೆರೆ ಕೊರೆದಿದ್ದಾರೆ. ಅದರ ಬಲತುದಿ ಯಾರದೋ ಬೆರಳು ತಾಗಿ ತಾಗಿ ನುಣ್ಣಗಾಗಿದೆ. ಮುಚ್ಚಳ ಎತ್ತಿದರೆ ಒಳಗೆ ಹಾಳೆ, ಮಸಿ, ಅರ್ಧ ಬರೆದ ಕತೆ ಎಲ್ಲಾ ಇರುತ್ತದೆ. ಮುಚ್ಚಿ ಚಿಲಕ ಹಾಕಿದರೆ ಮಕ್ಕಳು ಮುಟ್ಟುವುದಿಲ್ಲ. ತುಂಬಿದ ಮನೆಯಲ್ಲಿ ಬರೆಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ನೆಮ್ಮದಿ. ಪ್ರತಿಸಲ ಹರಡಿ, ಪ್ರತಿಸಲ ಎತ್ತಿಡುವುದರಲ್ಲೇ ಅರ್ಧ ಉತ್ಸಾಹ ಹೋಗುತ್ತದೆ.

ಬಲಗೈಯಲ್ಲಿ ಬರೆಯುವವರಾದರೆ ಕಿಟಕಿ ಎಡಕ್ಕೆ ಬರುವ ಹಾಗೆ ಕೂಡಿ, ಕೈ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಬೆನ್ನಿಗೆ ಲೋಡು (ಒರಗುದಿಂಬು) ಇರಲಿ. ಹೊತ್ತನ್ನೂ ಬದಲಿಸಿ. ಮೇ ತಿಂಗಳಲ್ಲಿ ಬೆಳಗ್ಗೆ ಆರರ ಒಳಗೇ ಸೂರ್ಯ ಮೂಡುತ್ತಾನೆ. ಆಗ ಟಿವಿ ಇರುವುದಿಲ್ಲ, ಮಕ್ಕಳು ಎದ್ದಿರುವುದಿಲ್ಲ, ಗೋಡೆಯೂ ರಾತ್ರಿಯಿಡೀ ಆರಿರುತ್ತದೆ. ಮನೆಯವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ, ಆ ಹೊತ್ತಿಗೆ ಚಹಾ ಕೇಳಿ ಕೂಗಬೇಡಿ ಅಂತ. ಹೇಳದೆ ಸುಮ್ನೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಭೀಮಾತೀರ (ಯಾದಗಿರಿ)

ಬೀದರ್ ಅಕ್ಕನವರ ಮಾತು ಒಪ್ಪುತ್ತೇನೆ. ಆದರೆ ಮಂಡಿ ನೋವಿದ್ದರೆ ನೆಲದ ಮೇಲೆ ಕೂರುವ ಸಾಹಸ ಬೇಡ. ಟೇಬಲ್ 29–30 ಇಂಚು, ಕುರ್ಚಿ 17–18 ಇಂಚು ಎತ್ತರ ಇದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕರೆಂಟ್ ಹೋದಾಗ ಉರಿಯುವ ಚಾರ್ಜಿಂಗ್ ಲೈಟ್ ಒಂದಿರಲಿ.

ನೀಲಿಮಸಿ

ಎಲ್ಲರಿಗೂ ತುಂಬಾ ಧನ್ಯವಾದ. ಕೂಲರ್ ತಿರುಗಿಸಿ ಬಾಗಿಲು ತೆರೆದೆ, ಅದೇ ಹಾಳೆಯಲ್ಲಿ ಮಸಿ ಹರಡುವುದು ನಿಂತಿದೆ. ತೊಗರಿ ಚೀಲ ತೆಗೆದು ಮೆಟ್ಟಿಲ ಕೆಳಗಿನ ಮೂಲೆ ಗುಡಿಸಿದೆ. ಬೆಳಗ್ಗೆ ಅಲ್ಲೇ ಕೂತು, ನಿಂತುಹೋಗಿದ್ದ ಕತೆ ಮುಂದುವರಿಸಿದೆ. ಅತ್ತೆಯೇ ಮಕ್ಕಳನ್ನು ಆಚೆ ಕರೆದುಕೊಂಡು ಹೋದರು.

ಮುನೀಮರ ಡೆಸ್ಕ್ ಸಿಗುವವರೆಗೆ ಅಲ್ಲಿ ಉಳಿದಿರುವ ಫರ್ಸಿಯನ್ನೇ ಮೇಜಿನ ಹಾಗೆ ಹಾಕಬಹುದಾ? 4 ಅಡಿ ಉದ್ದ, 2 ಅಡಿ ಅಗಲ ಇದೆ.

ಫರ್ಸಿಮನೆ (ಶಹಾಬಾದ್)

ಧಾರಾಳವಾಗಿ. ಆದರೆ 1 ಇಂಚು ದಪ್ಪ ಇದ್ದರೆ ಅಷ್ಟು ಕಲ್ಲು ಸುಮಾರು 50 ಕೆಜಿ ತೂಗುತ್ತದೆ. ಕಟ್ಟಿಗೆ ಸ್ಟೂಲ್ ಮೇಲೆ ಇಡಬೇಡಿ. ಎರಡು ಬದಿಗೂ, ನಡುವೆ ಹಿಂದುಗಡೆಗೂ ಇಟ್ಟಿಗೆಯ ಗಟ್ಟಿ ಆಸರೆ ಕಟ್ಟಿಸಿ. ಮಕ್ಕಳಿರುವ ಮನೆ, ಅಲುಗಾಡಬಾರದು. ಬರೆಯುವ ಕಡೆ ಒಂದು ದಪ್ಪ ರಟ್ಟು ಹಾಕಿ, ಇಲ್ಲವಾದರೆ ನಿಬ್ ಕೆಳಗೆ ಕಲ್ಲು ತೀರಾ ಗಟ್ಟಿ ಅನಿಸುತ್ತದೆ.

ನಮ್ಮ ಫರ್ಸಿ ಸುಣ್ಣದ ಕಲ್ಲು. ನಿಂಬೆಹಣ್ಣಿನ ಶರಬತ್ತು ಚೆಲ್ಲಿದರೆ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ತಕ್ಷಣ ಒರೆಸಿ. ಮಸಿ ಬಾಟಲಿಯನ್ನು ಒಂದು ಸ್ಟೀಲ್ ತಟ್ಟೆಯಲ್ಲಿಡಿ. ಪಾಲಿಶ್ ಇಲ್ಲದ ಕಲ್ಲು ಮಸಿ ಹೀರಿತೆಂದರೆ ತೆಗೆಯುವುದು ಕಷ್ಟ. ಕಲ್ಲು ಗೋಡೆಗೆ ತಾಗುವ ಕಡೆ ಸಂದು ಬಿಡಬೇಡಿ, ಸಿಮೆಂಟ್ ತುಂಬಿಸಿ. ಮಳೆಗಾಲದಲ್ಲಿ ಗೆದ್ದಲು ಅಲ್ಲಿಂದಲೇ ಹಾಳೆಗೆ ಏರುತ್ತದೆ.