ಮಿನಿ ಟ್ರ್ಯಾಕ್ಟರ್‌ಗೆ ಬಕೆಟ್ ಹಾಕಿಸಿದ ಮೇಲೆ ಹಿಂದಿನ ಚಕ್ರ ಏಳುತ್ತಿದೆ, ಏನು ಮಾಡೋದು?

ತೋಟದಮನೆ, ಸಾಗರ:
ನಮ್ಮದು 24 ಎಚ್‌ಪಿ, ಫೋರ್ ವೀಲ್ ಡ್ರೈವ್. ಅಡಿಕೆ ತೋಟಕ್ಕೆ ಮಣ್ಣು, ಗೊಬ್ಬರ ಹೊರಲು ಆಳು ಸಿಗುತ್ತಿಲ್ಲ ಅಂತ ಹೋದ ತಿಂಗಳು ಮುಂದೆ ಲೋಡರ್ ಬಕೆಟ್ ಕೂರಿಸಿದೆ. ಕೊಟ್ಟಿಗೆ ಗೊಬ್ಬರ ಹೊತ್ತಾಗ ಏನೂ ತೊಂದರೆ ಇರಲಿಲ್ಲ. ನಿನ್ನೆ ಮಳೆಗೆ ನೆನೆದ ಮಣ್ಣು ತುಂಬಿಕೊಂಡು ಬಸಿಗಾಲುವೆ ಪಕ್ಕ ತಿರುಗಿಸುವಾಗ ಬಲಗಡೆ ಮುಂದಿನ ಚಕ್ರ ಸ್ವಲ್ಪ ಹೂತಿತು, ಎಡಗಡೆ ಹಿಂದಿನ ಚಕ್ರ ಒಂದು ಗೇಣು ಮೇಲೆದ್ದಿತು. ಬಕೆಟ್ ಆಗ ಎದೆಮಟ್ಟಕ್ಕಿತ್ತು. ಗಾಬರಿಯಲ್ಲಿ ಕೆಳಗಿಳಿಸಿದೆ, ಚಕ್ರ ಧಡ್ ಅಂತ ನೆಲಕ್ಕೆ ಕೂತಿತು. ಮಗನೂ ಇದನ್ನೇ ಓಡಿಸುತ್ತಾನೆ, ಅದೇ ಭಯ. ಹಿಂದಿನ ಟೈರಿಗೆ ನೀರು ತುಂಬಿಸಿದರೆ ಸಾಕಾ?

ಹಳೇ ಸ್ಟೇರಿಂಗ್, ತೀರ್ಥಹಳ್ಳಿ:
ಸದ್ಯ, ಏನೂ ಆಗಲಿಲ್ವಲ್ಲ. ನೀರು ತುಂಬಿಸಿ, ಒಳ್ಳೇದೇ. ವಾಲ್ವ್ ಮೇಲೆ ಬರೋ ಹಾಗೆ ಚಕ್ರ ನಿಲ್ಲಿಸಿ ಮುಕ್ಕಾಲು ಭಾಗ ತುಂಬಿಸಿದರೆ ಸಾಕು. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಏತ ನೆನಪಿದೆಯಾ, ಹಿಂದೆ ತುದಿಗೆ ಭಾರ ಇದ್ದಷ್ಟೂ ಮುಂದಿನದು ಹಗುರಾಗಿ ಏಳುತ್ತಿತ್ತು, ಇಲ್ಲೂ ಹಾಗೇ. ಟೈರಿನ ನೀರು ಹಿಂದಿನ ಆಕ್ಸಲ್, ಅಂದರೆ ಚಕ್ರದ ಅಚ್ಚಿನ ಮೇಲೇ ಕೂರುತ್ತೆ, ಮುಂದಿನ ಆಕ್ಸಲ್‌ನ ಹೊರೆ ಇಳಿಸಲ್ಲ. ಅದು ಇಳಿಯಬೇಕಾದರೆ ಆಕ್ಸಲ್‌ಗಿಂತ ಹಿಂದೆ, ಲಿಂಕೇಜ್‌ಗೆ (ನೇಗಿಲು, ರೋಟವೇಟರ್ ಸಿಕ್ಕಿಸುವ ಹಿಂದಿನ ತೋಳುಗಳಿಗೆ) ಭಾರ ಕಟ್ಟಬೇಕು. ನಾನು 200 ಲೀಟರ್ ಡ್ರಮ್‌ನಲ್ಲಿ ಅರ್ಧ ಕಾಂಕ್ರೀಟ್ ಹಾಕಿ, ಹಸಿ ಇರುವಾಗಲೇ ಅಡ್ಡಕ್ಕೆ ದಪ್ಪ ಸರಳು ತೂರಿಸಿ ಲಿಂಕೇಜ್‌ಗೆ ಸಿಕ್ಕಿಸಿಕೊಂಡಿದ್ದೀನಿ. ಹತ್ತಿರ ಹತ್ತಿರ 240 ಕೆಜಿ ಬರುತ್ತೆ. ಡ್ರಮ್ ಇಲ್ಲದಿದ್ದರೆ ರೋಟವೇಟರ್ ಸಿಕ್ಕಿಸಿಕೊಂಡೇ ಬಕೆಟ್ ಕೆಲಸ ಮಾಡಿ.

ಇನ್ನೊಂದು, ಒದ್ದೆ ಮಣ್ಣಿನ ತೂಕ ಕಣ್ಣಿಗೆ ಗೊತ್ತಾಗಲ್ಲ. 100 ಲೀಟರ್ ಹಿಡಿಯುವ ಬಕೆಟ್‌ನಲ್ಲಿ ಅದು 180 ಕೆಜಿ ತನಕ ಹೋಗುತ್ತೆ. ಅರ್ಧ ಬಕೆಟ್ ತುಂಬಿ ಎರಡು ಸಲ ಓಡಾಡಿ.

ಕಾಫಿ ಗಿಡ, ಮಡಿಕೇರಿ:
ಅಣ್ಣ ಹೇಳಿದ್ದು ಸರಿ. ನಾನು ಒಂದು ಮಾತು ಸೇರಿಸುತ್ತೇನೆ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವೆ ಒಂದೇ ಪಿನ್ ಮೇಲೆ ತೂಗುತ್ತೆ, ಅದಕ್ಕೇ ಗುಂಡಿ ಬಂದರೂ ನಾಲ್ಕೂ ಚಕ್ರ ನೆಲ ಹಿಡಿಯೋದು. ಆದರೆ ಭಾರವೆಲ್ಲ ಮುಂದೆ ಬಂದಾಗ ಇಡೀ ಗಾಡಿ ಆ ಒಂದು ಪಿನ್ ಮೇಲೆ ನಿಂತ ಹಾಗೆ ಆಗುತ್ತೆ, ಪಕ್ಕಕ್ಕೆ ವಾಲೋಕೆ ತಡೆಯೇ ಇರಲ್ಲ. ನಿಮಗಾಗಿದ್ದೂ ಅದೇ. ಓಡಿಸುವಾಗ ಬಕೆಟ್ ನೆಲದಿಂದ ಒಂದಡಿ, ಅದಕ್ಕಿಂತ ಮೇಲೆ ಬೇಡ. ಮೇಲೆತ್ತೋದು ಸುರಿಯುವ ಜಾಗದಲ್ಲಿ, ಗಾಡಿ ನಿಂತ ಮೇಲೆ. ನಮ್ಮಲ್ಲಿ ಇಳಿಜಾರು ಜಾಸ್ತಿ, ತುಂಬಿದ ಬಕೆಟ್ ಯಾವಾಗಲೂ ಏರಿನ ಕಡೆಗಿರಬೇಕು. ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್. ಅಡ್ಡಡ್ಡ ಹೋಗಲೇಬೇಡಿ. ಮಗನಿಗೆ ಮೊದಲು ಖಾಲಿ ಬಕೆಟ್‌ನಲ್ಲಿ ಅಂಗಳದಲ್ಲೇ ಕಲಿಸಿ.

ತೋಟದಮನೆ, ಸಾಗರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡ್ರಮ್ ಮಾಡಿಸಿದೆ, ಹದಿನೈದು ದಿನ ಒಣಗಲು ಬಿಟ್ಟು ಇವತ್ತು ಸಿಕ್ಕಿಸಿದೆ. ಸ್ಟೇರಿಂಗ್ ಎಷ್ಟು ಹಗುರ ಆಯ್ತು ಅಂದರೆ ಒಂದೇ ಕೈಯಲ್ಲಿ ತಿರುಗುತ್ತೆ. ಆದರೆ ಡ್ರಮ್ ಹಿಂದಕ್ಕೆ ಚಾಚಿಕೊಂಡಿದೆ, ಸಾಲಿನ ಕೊನೆಯಲ್ಲಿ ತಿರುಗುವಾಗ ಒಂದು ಅಡಿಕೆ ಮರಕ್ಕೆ ತಾಗಿತು. ಸಿಪ್ಪೆ ಅಷ್ಟೇ ಕೆದರಿದೆ.

ಹಳೇ ಸ್ಟೇರಿಂಗ್, ತೀರ್ಥಹಳ್ಳಿ:
ಡ್ರಮ್ಮಿಗೆ ಹಳೇ ಟ್ಯೂಬ್ ಸುತ್ತಿ. ಮತ್ತೆ ಬಕೆಟ್ ಎತ್ತಿಟ್ಟು ಅದರ ಕೆಳಗೆ ಕೂತು ಗ್ರೀಸ್ ಹೊಡೆಯಬೇಡಿ, ಎಣ್ಣೆ ಪೈಪ್ ಒಡೆದರೆ ತಪ್ಪಿಸಿಕೊಳ್ಳೋಕೆ ಸಮಯ ಸಿಗಲ್ಲ. ಕೆಲಸ ಮುಗಿದರೆ ಬಕೆಟ್ ನೆಲಕ್ಕೆ ಇಳಿಸಿಯೇ ಗಾಡಿಯಿಂದ ಇಳಿಯಿರಿ, ಮಗನಿಗೂ ಹೇಳಿ.